ಎಚ್‌ಐವಿ ಮಾತ್ರೆ ಮತ್ತು ಹೃದಯ: ಯಾರಿಗೆ ಯಾವುದು ಹೊಂದುತ್ತದೆ?

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದುದರಿಂದ ಜನ ಗಾಬರಿಯಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳಲ್ಲಿ ಅಸಹಜ ಏರಿಕೆ ಕಾಣುತ್ತಿಲ್ಲ, ಹೆಚ್ಚಿನವರಲ್ಲಿ ಬಿಪಿ, ಸಕ್ಕರೆ, ಧೂಮಪಾನದಂಥ ಪರಿಚಿತ ಕಾರಣಗಳೇ ಇದ್ದವು ಎಂದು ವರದಿ ಕೊಟ್ಟಿತು. ಆದರೆ ಆ ಹೊತ್ತಿಗೆ ಭಯವು ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಸೇವಿಸುವವರ ಮನೆಗಳಿಗೂ ಹೊಕ್ಕಾಗಿತ್ತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರ ನಡುವೆ ಕೆಲಸ ಮಾಡುವ ನನ್ನನ್ನು ಆಗ ಹಲವರು ಕೇಳಿದ್ದು ಒಂದೇ ಪ್ರಶ್ನೆ: ‘ಇಷ್ಟು ವರ್ಷದಿಂದ ನುಂಗುತ್ತಿರುವ ಈ ಮಾತ್ರೆಯೇ ನನ್ನ ಹೃದಯವನ್ನು ಹಾಳು ಮಾಡುತ್ತಿದೆಯೇ?’

ಅದಕ್ಕೆ ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಿಬಿಡಲು ಬರುವುದಿಲ್ಲ. ಎಚ್‌ಐವಿ ಔಷಧಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಹೃದಯದ ಗೊಡವೆಗೇ ಹೋಗುವುದಿಲ್ಲ. ಕೆಲವು ಕೊಬ್ಬು ಏರಿಸುತ್ತವೆ, ಒಂದೆರಡು ನಿಜಕ್ಕೂ ಎಚ್ಚರ ಬೇಡುತ್ತವೆ. ನೀವು ಯಾವ ಮಾತ್ರೆಯಲ್ಲಿದ್ದೀರಿ, ನಿಮ್ಮ ವಯಸ್ಸೆಷ್ಟು, ಬಿಪಿ, ಸಕ್ಕರೆ, ಬೀಡಿ ಏನೇನು ಜೊತೆಗಿವೆ ಎಂಬುದರ ಮೇಲೆ ಉತ್ತರ ನಿಂತಿದೆ.

ಮಾತ್ರೆ ಬಿಡುವುದು ಈ ಹೋಲಿಕೆಯಲ್ಲಿ ಒಂದು ಆಯ್ಕೆಯೇ ಅಲ್ಲ

ಹೃದಯ ಉಳಿಸಿಕೊಳ್ಳಲೆಂದು ಮಾತ್ರೆ ನಿಲ್ಲಿಸಿದವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ಲೆಕ್ಕ ತಲೆಕೆಳಗಾದದ್ದು. ಸ್ಮಾರ್ಟ್ ಎಂಬ ಹೆಸರಿನ ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ 5,472 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನು ಬಿಡದೆ ಕೊಟ್ಟರು. ಇನ್ನೊಂದು ಗುಂಪಿನವರಿಗೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಚೆನ್ನಾಗಿರುವಾಗ ನಿಲ್ಲಿಸಿ, ಕುಸಿದಾಗ ಮತ್ತೆ ಶುರು ಮಾಡಿದರು. ಅಡ್ಡಪರಿಣಾಮ ತಪ್ಪಿ ಎರಡನೆಯ ಗುಂಪಿನವರ ಹೃದಯಕ್ಕೆ ಒಳ್ಳೆಯದಾಗಬಹುದು ಎಂಬ ನಿರೀಕ್ಷೆ ಇತ್ತು. ಆದದ್ದು ತದ್ವಿರುದ್ಧ. ಬಿಟ್ಟು ಬಿಟ್ಟು ತೆಗೆದುಕೊಂಡವರಲ್ಲೇ ಸಾವೂ ಹೆಚ್ಚಾಯಿತು, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಹೆಚ್ಚಾದವು. ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು.

ಕಾರಣ ಸ್ಪಷ್ಟ. ವೈರಸ್ ರಕ್ತದಲ್ಲಿ ತಿರುಗಾಡುತ್ತಿದ್ದಷ್ಟು ಕಾಲ ದೇಹದ ರೋಗನಿರೋಧಕ ವ್ಯವಸ್ಥೆ ಸದಾ ಕೆರಳಿಯೇ ಇರುತ್ತದೆ. ಆ ಉರಿಯೂತ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಎಚ್‌ಐವಿ ಇರುವವರಿಗೆ ಹೃದಯಾಘಾತದ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚು ಎನ್ನುವುದಕ್ಕೆ ಮಾತ್ರೆಗಳಷ್ಟೇ ಅಲ್ಲ, ವೈರಸ್ಸೂ ಹೊಣೆ. ಆದ್ದರಿಂದ ನಮ್ಮ ಮುಂದಿರುವ ಆಯ್ಕೆ ಈ ಮಾತ್ರೆಯೋ ಆ ಮಾತ್ರೆಯೋ ಎಂಬುದಷ್ಟೇ.

ಡೊಲುಟೆಗ್ರಾವಿರ್, ಎಫಾವಿರೆಂಜ್

ಇಂದು ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನ ವಯಸ್ಕರಿಗೆ ಕೊಡುವುದು ಟಿಎಲ್‌ಡಿ: 300 ಮಿಲಿಗ್ರಾಂ ಟೆನೋಫೋವಿರ್, 300 ಮಿಲಿಗ್ರಾಂ ಲ್ಯಾಮಿವುಡಿನ್, 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಇದಕ್ಕೂ ಮುಂಚೆ ಡೊಲುಟೆಗ್ರಾವಿರ್ ಜಾಗದಲ್ಲಿ ಎಫಾವಿರೆಂಜ್ ಇತ್ತು. ರಾತ್ರಿ ನುಂಗಿ ಮಲಗಿದರೆ ವಿಚಿತ್ರ ಕನಸು ಬೀಳಿಸುತ್ತಿದ್ದ, ಬೆಳಗ್ಗೆ ತಲೆ ಭಾರ ಮಾಡುತ್ತಿದ್ದ ಮಾತ್ರೆ ಎಂದರೆ ಹಳಬರಿಗೆ ಥಟ್ಟನೆ ನೆನಪಾಗುತ್ತದೆ.

ಹೃದಯದ ದೃಷ್ಟಿಯಿಂದ ಇವೆರಡರಲ್ಲಿ ಡೊಲುಟೆಗ್ರಾವಿರ್ ಮೇಲು. ಎಫಾವಿರೆಂಜ್ ಕೆಟ್ಟ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಎರಡನ್ನೂ ಏರಿಸುತ್ತದೆ. ಕೆಲವರ ದೇಹ ಅದನ್ನು ಹುಟ್ಟುಗುಣದಿಂದಲೇ ನಿಧಾನವಾಗಿ ಕರಗಿಸುತ್ತದೆ. ಅಂಥವರಲ್ಲಿ ಇಸಿಜಿಯ ಕ್ಯೂಟಿ ಅಂತರ ಉದ್ದವಾಗಿ ಹೃದಯದ ಲಯ ತಪ್ಪುವ ಅಪಾಯವೂ ಇದೆ. ಡೊಲುಟೆಗ್ರಾವಿರ್ ಕೊಬ್ಬಿನ ಅಂಶಗಳನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಬಿಡುತ್ತದೆ.

ಹಾಗೆಂದು ಡೊಲುಟೆಗ್ರಾವಿರ್ ಪೂರ್ತಿ ನಿರಪಾಯಕಾರಿ ಎನ್ನಲಾರೆ. ಅದರ ದಾರಿ ಬೇರೆ, ಅದು ತೂಕ ಏರಿಸುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಕ್ಯಾಮರೂನಿನಲ್ಲಿ ನಡೆದ ಅಧ್ಯಯನಗಳಲ್ಲಿ ಇದು ಎದ್ದು ಕಂಡಿತು. ದಕ್ಷಿಣ ಆಫ್ರಿಕಾದಲ್ಲಿ ಮಹಿಳೆಯರ ತೂಕ ಇನ್ನೂ ಹೆಚ್ಚು ಏರಿತು. ನಮ್ಮಲ್ಲಿ ತೂಕ ಏರಿದರೆ ಮೊದಲು ಸಂತೋಷಪಡುತ್ತಾರೆ. ಒಂದು ಕಾಲದಲ್ಲಿ ಎಚ್‌ಐವಿ ಎಂದರೆ ಸೊರಗಿ ಕಡ್ಡಿಯಾಗುವುದು ಎಂದೇ ಇತ್ತು, ಆದ್ದರಿಂದ ಮೈ ತುಂಬಿಕೊಂಡರೆ ಗುಣವಾಯಿತು ಎಂಬ ಭಾವನೆ ಸಹಜ. ಸೊರಗಿದ್ದವರು ತುಂಬಿಕೊಳ್ಳುವುದು ನಿಜಕ್ಕೂ ಒಳ್ಳೆಯದೇ. ಆದರೆ ಸೀರೆಯ ನೆರಿಗೆ ಕಡಿಮೆಯಾಗುತ್ತಾ, ಪ್ಯಾಂಟಿನ ಗುಂಡಿ ಹಾಕಲಾಗದೆ ಹೊಟ್ಟೆಯ ಸುತ್ತಲೇ ಬೆಳೆಯುತ್ತಿದ್ದರೆ, ಅದರ ಹಿಂದೆಯೇ ಸಕ್ಕರೆ ಮತ್ತು ಬಿಪಿ ಬರಬಹುದು. ಕೆಲವರಲ್ಲಿ ಡೊಲುಟೆಗ್ರಾವಿರ್ ಶುರುವಾದ ಮೇಲೆ ಸಕ್ಕರೆ ಏರಿದ್ದೂ ಉಂಟು. ಆಗ ಮಾಡಬೇಕಾದದ್ದು ಮಾತ್ರೆ ಬಿಡುವುದಲ್ಲ; ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಬಿಪಿ ನಾಲ್ಕನ್ನೂ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು. ಕಾಫಿ ಕೊಯ್ಲಿನ ಕಾಲದಲ್ಲಿ ಇಡೀ ದಿನ ತೋಟದಲ್ಲಿ ಓಡಾಡುವವರಿಗೆ ನಡಿಗೆಯ ಉಪದೇಶ ಬೇಕಿಲ್ಲ. ಅಂಗಡಿಯಲ್ಲಿ ಕೂರುವವರು, ಆಟೊ ಓಡಿಸುವವರು, ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗೇ ಉಳಿಯುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಇನ್ನೊಂದು ಮಾತು. ಡೊಲುಟೆಗ್ರಾವಿರ್ ಜೊತೆಗಿದ್ದಾಗ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಏರುತ್ತದೆ, ಹಾಗಾಗಿ ದಿನಕ್ಕೆ 1,000 ಮಿಲಿಗ್ರಾಂ ದಾಟಬಾರದು. ಸಕ್ಕರೆಗೆ ಔಷಧ ಬರೆಯುವ ವೈದ್ಯರಿಗೆ ನಿಮ್ಮ ಎಆರ್‌ಟಿ ವಿಷಯ ಗೊತ್ತಿಲ್ಲದಿದ್ದರೆ ಅವರು 2,000 ಬರೆದುಬಿಡಬಹುದು.

2022ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ರೋಗಿಗಳ ಒಂದು ದೊಡ್ಡ ಸಮೂಹ ಅಧ್ಯಯನ, ಡೊಲುಟೆಗ್ರಾವಿರ್ ಗುಂಪಿನ ಔಷಧ ಶುರುಮಾಡಿದ ಮೊದಲ ಎರಡು ವರ್ಷ ಹೃದಯದ ತೊಂದರೆ ತುಸು ಹೆಚ್ಚು ಎಂದಿತು. ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇದೊಂದನ್ನೇ ನೆಚ್ಚಿ ಟಿಎಲ್‌ಡಿಯಿಂದ ದೂರ ಸರಿಯಲು ಕಾರಣವಿಲ್ಲ ಎಂದೇ ನನ್ನ ಅಭಿಪ್ರಾಯ.

ಟೆನೋಫೋವಿರ್, ಅಬಾಕವಿರ್: ಮೂತ್ರಪಿಂಡವೋ ಹೃದಯವೋ

ನಿಜವಾದ ಇಕ್ಕಟ್ಟು ಇರುವುದು ಇಲ್ಲಿ. ಟೆನೋಫೋವಿರ್ ಹೃದಯಕ್ಕೆ ಸೌಮ್ಯ. ಕೊಲೆಸ್ಟರಾಲನ್ನು ಸ್ವಲ್ಪ ಇಳಿಸುವ ಗುಣವೂ ಅದಕ್ಕಿದೆ. ಆದರೆ ಕೆಲವರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಮೂಳೆಯನ್ನು ತೆಳುವಾಗಿಸುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ದಣಿದಿರುವ ಸೂಚನೆ) ಏರಿದವರಿಗೆ ಟೆನೋಫೋವಿರ್ ತೆಗೆದು ಅಬಾಕವಿರ್ ಕೊಡುವುದು ವಾಡಿಕೆ. ಮೂತ್ರಪಿಂಡ ಉಳಿಯುತ್ತದೆ, ಹೃದಯದ ಕಡೆ ಕಣ್ಣಿಡಬೇಕಾಗುತ್ತದೆ.

ಅಬಾಕವಿರ್ ಬಗ್ಗೆ ಮೊದಲ ಎಚ್ಚರಿಕೆ ಬಂದದ್ದು 2008ರಲ್ಲಿ. 33 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಡಿ.ಎ.ಡಿ ಎಂಬ ಬಹುರಾಷ್ಟ್ರೀಯ ಅಧ್ಯಯನ, ಇತ್ತೀಚೆಗೆ ಅಬಾಕವಿರ್ ಸೇವಿಸಿದವರಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಶೇ 90ರಷ್ಟು ಹೆಚ್ಚು ಎಂದು ಕಂಡಿತು. ಆಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಚೀಟಿ ಎತ್ತಿದಂತೆ ಗುಂಪು ಮಾಡಿದ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದಾಗ ಆ ನಂಟು ಸಿಗಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು. ಇತ್ತೀಚಿನ ರಿಪ್ರೀವ್ ಅಧ್ಯಯನದ (ಅದರ ವಿವರ ಮುಂದೆ ಬರುತ್ತದೆ) ಮಾಹಿತಿ ಮತ್ತೆ ಅಬಾಕವಿರ್ ಕಡೆಗೇ ಬೆರಳು ತೋರಿಸಿದೆ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವ ಗುಣವನ್ನು ಈ ಔಷಧ ಹೆಚ್ಚಿಸುತ್ತದೆ, ಅದರಿಂದ ಹೆಪ್ಪುಗಟ್ಟುವುದು ಸುಲಭವಾಗುತ್ತದೆ ಎಂಬುದು ಈಗ ಹೆಚ್ಚು ಒಪ್ಪಿಗೆಯಾಗುತ್ತಿರುವ ವಿವರಣೆ.

ಶೇ 90 ಎಂದ ಕೂಡಲೇ ಎದೆ ಧಸಕ್ಕೆನ್ನುವುದು ಸಹಜ. ಅದನ್ನು ಬಿಡಿಸಿ ನೋಡಬೇಕು. ಲೆಕ್ಕಕ್ಕಾಗಿ ಹೇಳುವುದಾದರೆ, ಬೀಡಿ ಸೇದದ, ಬಿಪಿ ಇಲ್ಲದ 25 ವರ್ಷದವರು ಸಾವಿರ ಜನರಿದ್ದು, ಅವರಲ್ಲಿ ವರ್ಷಕ್ಕೆ ಒಬ್ಬರಿಗೆ ಹೃದಯಾಘಾತವಾಗುತ್ತದೆ ಎಂದಿಟ್ಟುಕೊಳ್ಳಿ. ಶೇ 90 ಹೆಚ್ಚಾದರೂ ಅದು ಇಬ್ಬರನ್ನು ದಾಟುವುದಿಲ್ಲ. ಬಿಪಿ, ಸಕ್ಕರೆ, ಬೀಡಿ ಮೂರೂ ಇರುವ 58ರ ಗಂಡಸರು ಸಾವಿರ ಜನರಿದ್ದು, ಅವರಲ್ಲಿ ಇಪ್ಪತ್ತು ಮಂದಿಗೆ ಆಗುವುದಿದ್ದರೆ ಅದು ಮೂವತ್ತೆಂಟಾಗುತ್ತದೆ. ಒಂದೇ ಮಾತ್ರೆ, ಒಂದೇ ಶೇಕಡಾವಾರು, ಆದರೆ ಎರಡನೆಯ ಗುಂಪಿಗೆ ಹದಿನೆಂಟು ಮನೆಗಳ ದುಃಖ ಹೆಚ್ಚು. ಅದಕ್ಕೇ ಹೃದಯದ ಅಪಾಯ ಹೆಚ್ಚಿರುವವರಿಗೆ ಅಬಾಕವಿರ್ ತಪ್ಪಿಸಿ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಮಕ್ಕಳಿಗೆ ಅದನ್ನೇ ಕೊಡುತ್ತಾರಲ್ಲ ಎಂದು ತಾಯಂದಿರು ಚಿಂತಿಸಬೇಕಿಲ್ಲ. ಆ ವಯಸ್ಸಿನಲ್ಲಿ ಮೂಲ ಅಪಾಯವೇ ತೀರಾ ಕಡಿಮೆ.

ಮೂತ್ರಪಿಂಡವೂ ದುರ್ಬಲ, ಹೃದಯವೂ ದುರ್ಬಲ ಎನ್ನುವವರು ಏನು ಮಾಡಬೇಕು? ಕೆಲವು ಸಂದರ್ಭಗಳಲ್ಲಿ ವೈದ್ಯರು ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಎರಡನ್ನೇ ಇಟ್ಟು ಮೂರನೆಯದನ್ನು ಕೈಬಿಡುವುದುಂಟು, ಅಥವಾ ಟೆನೋಫೋವಿರ್‌ನ ಹೊಸ ರೂಪವಾದ ಟೆನೋಫೋವಿರ್ ಅಲಾಫೆನಮೈಡ್ ಕೊಡುವುದುಂಟು. ಈ ಹೊಸ ರೂಪ ಮೂತ್ರಪಿಂಡ, ಮೂಳೆಗಳಿಗೆ ಹಿತ, ಆದರೆ ಹಳೆಯದಕ್ಕೆ ಹೋಲಿಸಿದರೆ ಕೊಲೆಸ್ಟರಾಲ್ ಮತ್ತು ತೂಕ ಎರಡೂ ಏರುತ್ತವೆ. ಖಾಸಗಿಯಾಗಿ ಕೊಂಡು ಸೇವಿಸುವವರಿಗೆ ಇದನ್ನು ಹೊಸದು, ಆದ್ದರಿಂದ ಒಳ್ಳೆಯದು ಎಂದು ಹೇಳಿ ಕೊಡುತ್ತಿದ್ದರೆ ಮೂತ್ರಪಿಂಡದ ವರದಿ ಚೆನ್ನಾಗಿರುವಾಗ ಇದು ನನಗೇಕೆ ಎಂದು ಕೇಳುವುದು ತಪ್ಪಲ್ಲ. ಟೆನೋಫೋವಿರ್ ಬಿಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು. ಆ ವೈರಸ್ಸನ್ನೂ ಇದೇ ಔಷಧ ಹಿಡಿದಿಟ್ಟಿರುತ್ತದೆ, ತಟ್ಟನೆ ತೆಗೆದರೆ ಯಕೃತ್ತು ಕೆರಳುತ್ತದೆ.

ಜಿಡೊವುಡಿನ್ ಈಗ ಕೆಲವರಿಗಷ್ಟೇ ಉಳಿದಿದೆ. ಅದು ರಕ್ತಹೀನತೆ ತರುತ್ತದೆ. ಹಿಮೋಗ್ಲೋಬಿನ್ ಕುಸಿದರೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಎನ್ನುವವರು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ.

ಎರಡನೇ ಹಂತದ ಮಾತ್ರೆಗಳು

ಮೊದಲ ಹಂತದ ಔಷಧ ಸೋತವರಿಗೆ ಬರುವುದು, ವೈರಸ್ ಬೆಳೆಯಲು ಬೇಕಾದ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವ ಗುಂಪು: ಲೋಪಿನವಿರ್, ಅಟಾಜನವಿರ್, ಡರುನವಿರ್. ಪ್ರತಿಯೊಂದರ ಜೊತೆಗೂ ಬಲ ಹೆಚ್ಚಿಸಲು ರಿಟೋನವಿರ್ ಇರುತ್ತದೆ. ಹೃದಯದ ತಕರಾರುಗಳು ಹೆಚ್ಚಿರುವುದು ಈ ಗುಂಪಿನಲ್ಲೇ.

ಲೋಪಿನವಿರ್ ನನ್ನ ಪಟ್ಟಿಯಲ್ಲಿ ಕೊನೆಯದು. ಟ್ರೈಗ್ಲಿಸರೈಡನ್ನು ಭಾರಿಯಾಗಿ ಏರಿಸುತ್ತದೆ, ಹೊಟ್ಟೆ ಕೆಡಿಸುತ್ತದೆ, ಹೃದಯದ ವಿದ್ಯುತ್ ಸಂಚಾರವನ್ನೂ ನಿಧಾನ ಮಾಡುತ್ತದೆ. ಅದನ್ನು ಹೆಚ್ಚು ವರ್ಷ ಸೇವಿಸಿದಷ್ಟೂ ಹೃದಯಾಘಾತದ ಅಪಾಯ ಹೆಚ್ಚುತ್ತದೆ ಎಂದು ಡಿ.ಎ.ಡಿ ಅಧ್ಯಯನ ಹೇಳಿತು. ಡರುನವಿರ್ ಬಲಿಷ್ಠ ಔಷಧ, ಬೇರೆಲ್ಲ ಸೋತಾಗ ಜೀವ ಉಳಿಸುವುದು ಅದೇ. ಆದರೆ 2018ರಲ್ಲಿ ಅದೇ ಅಧ್ಯಯನ, ಐದು ವರ್ಷದ ಬಳಕೆಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾಧ್ಯತೆ ಸುಮಾರು ಶೇ 59 ಏರುತ್ತದೆ ಎಂದಿತು. ಅಟಾಜನವಿರ್‌ನಲ್ಲಿ ಅಂಥ ಏರಿಕೆ ಕಾಣಲಿಲ್ಲ. ಕಣ್ಣು ಹಳದಿಯಾಗುವುದು ಅದರ ಪ್ರಸಿದ್ಧ ಲಕ್ಷಣ. ಜನ ಕಾಮಾಲೆ ಎಂದು ಹೆದರಿ ನಾಟಿ ಔಷಧಿಗೆ ಓಡುತ್ತಾರೆ. ಅದು ಬಿಲಿರುಬಿನ್ ಎಂಬ ಹಳದಿ ಬಣ್ಣದ ವಸ್ತುವಿನ ಏರಿಕೆ, ಸಾಮಾನ್ಯವಾಗಿ ಯಕೃತ್ತಿಗೆ ಹಾನಿಯಿಲ್ಲ. ಹೃದಯದ ಅಪಾಯ ಇರುವವರಿಗೆ ಈ ಮೂರರಲ್ಲಿ ಒಂದು ಬೇಕೇ ಬೇಕಾದರೆ ಅಟಾಜನವಿರ್ ವಾಸಿ. ಅದು ಕೂಡ ಇಸಿಜಿಯ ಪಿಆರ್ ಅಂತರವನ್ನು ಉದ್ದ ಮಾಡುವುದರಿಂದ, ಅಂದರೆ ಹೃದಯದ ವಿದ್ಯುತ್ ಸಂಚಾರವನ್ನು ನಿಧಾನ ಮಾಡುವುದರಿಂದ, ನಾಡಿ ನಿಧಾನ ಮಾಡುವ ಡಿಲ್ಟಿಯಾಜೆಮ್, ವೆರಪಾಮಿಲ್‌ನಂಥ ಮಾತ್ರೆಗಳ ಜೊತೆ ಎಚ್ಚರ ಬೇಕು.

ಈ ಗುಂಪಿನಲ್ಲಿ ಬಹಳ ವರ್ಷದಿಂದ ಇರುವವರು, ತಮಗೆ ಡೊಲುಟೆಗ್ರಾವಿರ್‌ಗೆ ಬದಲಾಗಲು ಸಾಧ್ಯವೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ಎಲ್ಲರಿಗೂ ಆಗುವುದಿಲ್ಲ. ಹಿಂದೆ ಯಾವ ಯಾವ ಮಾತ್ರೆ ಸೋತಿವೆ, ಈಗಿನ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಎಷ್ಟು ಎಂಬುದನ್ನು ನೋಡಿಯೇ ವೈದ್ಯರು ತೀರ್ಮಾನಿಸಬೇಕು. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಇಲ್ಲಿ ದೊಡ್ಡ ಅನುಕೂಲ.

ಜೊತೆಗೆ ನುಂಗುವ ಮಾತ್ರೆಗಳು

ಎಆರ್‌ಟಿಯ ಆಯ್ಕೆಗಿಂತ ಹೆಚ್ಚು ಜನ ಎಡವುವುದು ಇಲ್ಲಿ ಎಂದು ನನಗೆ ಅನಿಸಿದೆ. ಅರಸೀಕೆರೆ ಕಡೆಯ ಚಾಲಕರೊಬ್ಬರು ತಮ್ಮ ಕೈಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲೆ ಇಟ್ಟರು. ಒಂದು, ಚೀಟಿ ಕಿತ್ತುಹಾಕಿದ ಬಿಳಿ ಪ್ಲಾಸ್ಟಿಕ್ ಡಬ್ಬಿ; ಬಸ್ಸಿನಲ್ಲಿ ಯಾರಾದರೂ ಓದಿಯಾರು ಎಂಬ ಹೆದರಿಕೆಗೆ ಉಗುರಿನಿಂದ ಕೆರೆದಿದ್ದರು, ಅಂಟು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಉಳಿದಿತ್ತು. ಒಳಗಿದ್ದದ್ದು ಅಟಾಜನವಿರ್, ರಿಟೋನವಿರ್ ಮಾತ್ರೆ. ಇನ್ನೊಂದು, ಕೊಲೆಸ್ಟರಾಲ್ ಹೆಚ್ಚಿದೆ ಎಂದು ಖಾಸಗಿ ಚಿಕಿತ್ಸಾಲಯದಲ್ಲಿ ಬರೆದುಕೊಟ್ಟಿದ್ದ ಸಿಂವಾಸ್ಟಾಟಿನ್ ಪಟ್ಟಿ. ಇವೆರಡನ್ನು ಒಟ್ಟಿಗೆ ಸೇವಿಸಲೇಬಾರದು. ರಿಟೋನವಿರ್ ಯಕೃತ್ತಿನ ಕೆಲಸವನ್ನು ತಡೆಹಿಡಿಯುವುದರಿಂದ ಸಿಂವಾಸ್ಟಾಟಿನ್ ಕರಗದೆ ರಕ್ತದಲ್ಲಿ ಹಲವು ಪಟ್ಟು ಸೇರಿಕೊಂಡು ಸ್ನಾಯುಗಳನ್ನೇ ಒಡೆಯುತ್ತದೆ. ತೊಡೆ ನೋವು, ಕಡು ಬಣ್ಣದ ಮೂತ್ರ ಅದರ ಸೂಚನೆ. ಬರೆದ ವೈದ್ಯರಿಗೆ ಎಆರ್‌ಟಿ ವಿಷಯ ಹೇಳಿರಲಿಲ್ಲ, ಏಕೆ ಹೇಳಲಿಲ್ಲ ಎಂದು ನಾನೂ ಕೇಳಲಿಲ್ಲ. ಆ ಕೆರೆದ ಡಬ್ಬಿಯೇ ಹೇಳುತ್ತಿತ್ತು.

ರಿಟೋನವಿರ್ ಸೇವಿಸುವವರಿಗೆ ಕೊಲೆಸ್ಟರಾಲ್ ಮಾತ್ರೆ ಬೇಕಾದರೆ ಪಿಟಾವಾಸ್ಟಾಟಿನ್ ಸುರಕ್ಷಿತ; ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಆದರೆ ಕಡಿಮೆ ಪ್ರಮಾಣದಲ್ಲಿ. ಎಫಾವಿರೆಂಜ್ ಇರುವವರಲ್ಲಿ ಇದರ ವಿರುದ್ಧ: ಸ್ಟಾಟಿನ್ ಎಂಬ ಈ ಗುಂಪಿನ ಕೊಲೆಸ್ಟರಾಲ್ ಮಾತ್ರೆಗಳ ಬಲ ಕುಗ್ಗುತ್ತದೆ. ಟಿಎಲ್‌ಡಿಯವರಿಗೆ ಈ ತಲೆನೋವು ಇಲ್ಲ, ಅದೂ ಅದರ ಪರವಾದ ದೊಡ್ಡ ಅಂಶವೇ.

ಈ ಪಿಟಾವಾಸ್ಟಾಟಿನ್ ಬಗ್ಗೆ ಇನ್ನಷ್ಟು ಹೇಳಬೇಕು. ನಾನು ಮೇಲೆ ಹೆಸರಿಸಿದ ರಿಪ್ರೀವ್ ಅಧ್ಯಯನ ನಡೆದದ್ದೇ ಅದರ ಮೇಲೆ. 40ರಿಂದ 75 ವರ್ಷದ, ಎಚ್‌ಐವಿ ಇರುವ, ಹೃದಯದ ಅಪಾಯ ಅಷ್ಟೇನೂ ಹೆಚ್ಚಿಲ್ಲದ 7,769 ಜನರು ಅದರಲ್ಲಿದ್ದರು, ಭಾರತದವರೂ ಇದ್ದರು. ದಿನಕ್ಕೆ 4 ಮಿಲಿಗ್ರಾಂ ಪಿಟಾವಾಸ್ಟಾಟಿನ್ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಶೇ 35ರಷ್ಟು ಕಡಿಮೆಯಾದವು. 2023ರಲ್ಲಿ ಬಂದ ಈ ಫಲಿತಾಂಶ ನಮ್ಮೂರಿನ ಚಿಕಿತ್ಸಾಲಯಗಳಲ್ಲಿ ಇನ್ನೂ ಸಾಕಷ್ಟು ಮಾತಾಗಿಲ್ಲ ಎಂಬುದು ನನ್ನ ಬೇಸರ. ನಲವತ್ತು ದಾಟಿದವರು, ಕೊಲೆಸ್ಟರಾಲ್ ವರದಿ ಸರಿಯಿದ್ದರೂ, ನನಗೆ ಸ್ಟಾಟಿನ್ ಬೇಕೇ ಎಂದು ಒಮ್ಮೆ ಕೇಳಲೇಬೇಕು. ಬೀಡಿ ಬಿಡುವುದಕ್ಕೆ ಮಾತ್ರೆಯ ಖರ್ಚೂ ಇಲ್ಲ, ಲಾಭವೂ ಯಾವ ಔಷಧ ಬದಲಾವಣೆಗೂ ಕಡಿಮೆಯಿಲ್ಲ.

ಇನ್ನು ‘ಗ್ಯಾಸ್ಟ್ರಿಕ್’. ಎದೆ ಉರಿದರೂ, ಬಿಗಿದರೂ ನಮ್ಮಲ್ಲಿ ಅದಕ್ಕೆ ಇದೊಂದೇ ಹೆಸರು, ಅಂಗಡಿಯಿಂದ ತಂದ ಆಮ್ಲಶಾಮಕ ಮಾತ್ರೆ ಒಂದೇ ಔಷಧ. ಎಆರ್‌ಟಿಯಲ್ಲಿರುವವರಿಗೆ ಇದು ಎರಡು ರೀತಿಯಲ್ಲಿ ಅಪಾಯ. ಆಮ್ಲಶಾಮಕ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಡೊಲುಟೆಗ್ರಾವಿರ್ ದೇಹಕ್ಕೆ ಸೇರದಂತೆ ಮಾಡುತ್ತವೆ. ಡೊಲುಟೆಗ್ರಾವಿರ್ ಅನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಅಟಾಜನವಿರ್‌ಗೆ ಹೊಟ್ಟೆಯಲ್ಲಿ ಆಮ್ಲ ಇರಲೇಬೇಕು, ಪ್ಯಾಂಟಪ್ರಜೋಲ್, ಒಮೆಪ್ರಜೋಲ್ ದಿನವೂ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡನೆಯದು ಇನ್ನೂ ಭಯಂಕರ: ಹೃದಯಾಘಾತವನ್ನೇ ಗ್ಯಾಸ್ಟ್ರಿಕ್ ಎಂದುಕೊಂಡು ರಾತ್ರಿಯೆಲ್ಲ ಮನೆಯಲ್ಲೇ ಕಳೆಯುವುದು.

ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಬಂದರೆ 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ತಜ್ಞರಿಂದ ತಕ್ಷಣ ಓದಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟಗಳ ಲೈನ್ ಮನೆಗಳಲ್ಲಿರುವವರು ಘಾಟಿಯ ದಾರಿಯಲ್ಲಿ ದೊಡ್ಡ ಊರು ಹುಡುಕುತ್ತಾ ಹೊತ್ತು ಕಳೆಯಬಾರದು.

ಅಲ್ಲಿ ನಿಮ್ಮ ಮಾತ್ರೆಯ ಹೆಸರು ಹೇಳಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ವಿಷಯ ಬಯಲು ಮಾಡುವಂತಿಲ್ಲ. ತೊಂದರೆಯಾದರೆ 1097 ಉಚಿತ ಸಹಾಯವಾಣಿಯಲ್ಲಿ ಮಾಹಿತಿ ಸಿಗುತ್ತದೆ. ಸ್ಟೆಂಟ್ ಹಾಕಿದ ಮೇಲೆ ಕೊಡುವ ಔಷಧಗಳಿಗೂ ಇದು ಮುಖ್ಯ: ರಿಟೋನವಿರ್ ಜೊತೆ ಟಿಕಾಗ್ರೆಲರ್ ಕೊಡಬಾರದು, ಕ್ಲೋಪಿಡೋಗ್ರೆಲ್ ಬಲ ಕಳೆದುಕೊಳ್ಳುತ್ತದೆ, ಪ್ರಾಸುಗ್ರೆಲ್ ಹೊಂದುವವರಿಗೆ ಅದನ್ನೇ ಆರಿಸುತ್ತಾರೆ. ಡಬ್ಬಿಯ ಚೀಟಿ ಕಿತ್ತುಹಾಕಿದ್ದರೆ, ಮಾತ್ರೆಯ ಹೆಸರನ್ನು ಒಂದು ಕಾಗದದಲ್ಲಿ ಬರೆದು ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ, ಮನೆಯಲ್ಲಿ ನಂಬಿಕೆಯ ಒಬ್ಬರಿಗೆ ಅದು ಎಲ್ಲಿದೆ ಎಂದು ತಿಳಿಸಿಡಿ.